ಎರಡು 'ರಾಗಮಾಲಾ'ಗಳೂ ಪುಂಡರೀಕ ವಿಠ್ಠಲನೂ

ಸಂಗೀತಶಾಸ್ತ್ರದ ಚರಿತ್ರೆಯಲ್ಲಿ ಒಂದೇ ಹೆಸರಿನ ಗ್ರಂಥಗಳು ಹಲವಿರುವುದು ಅಪೂರ್ವವಾದ ಸಂಗತಿಯಲ್ಲ. ಆದರೆ ಹದಿನಾರನೆಯ ಶತಮಾನದ ಎರಡು 'ರಾಗಮಾಲಾ'ಗಳ ವಿಷಯದಲ್ಲಿ ಈ ನಾಮಸಾಮ್ಯವು, ಉತ್ತರಾಪಥಕ್ಕೆ ಬಂದು ನೆಲೆಸಿದ ಕನ್ನಡನಾಡಿನ ಶಾಸ್ತ್ರಕಾರನೊಬ್ಬನ ಕೀರ್ತಿಯನ್ನೇ ಮಸುಕುಗೊಳಿಸುವಂತಹುದಾಗಿದೆ.

ಮೊದಲನೆಯದು ರೀವಾದ ಪುರೋಹಿತ ಕ್ಷೇಮಕರ್ಣನು 1570ರಲ್ಲಿ ರಚಿಸಿದುದು. ಮೇಷಕರ್ಣನೆಂಬ ಹೆಸರೂ ಇವನಿಗೆ ರೂಢಿಯಲ್ಲಿದೆ. ಎರಡನೆಯದು ಶಕ 1498ರಲ್ಲಿ, ಎಂದರೆ ಕ್ರಿ.ಶ. 1576ರಲ್ಲಿ, ಪುಂಡರೀಕ ವಿಠ್ಠಲನು ಬರೆದುದು. ಎರಡೂ ಸಂಸ್ಕೃತ ಕೃತಿಗಳು. ಎರಡೂ ರಾಗಗಳನ್ನು ಪತಿ, ಪತ್ನಿ, ಪುತ್ರರೆಂದು ಆರು ಸಂಸಾರಗಳನ್ನಾಗಿ ವಿಂಗಡಿಸುತ್ತವೆ. ಹೀಗಿರುವಾಗ ಹೆಸರನ್ನು ಮಾತ್ರ ನೋಡಿದವರು ಒಂದನ್ನು ಮತ್ತೊಂದೆಂದು ಭ್ರಮಿಸಿದರೆ ಆಶ್ಚರ್ಯವೇನು? ಒಳಹೊಕ್ಕು ನೋಡಿದರೆ ಭೇದವು ಸ್ಪಷ್ಟ. ಕ್ಷೇಮಕರ್ಣನ ಆರು ಪುರುಷರಾಗಗಳು ಭೈರವ, ಮಾಲಕೌಶಿಕ, ಹಿಂದೋಲ, ದೀಪಕ, ಶ್ರೀ, ಮೇಘ. ಪ್ರತಿಯೊಂದಕ್ಕೂ ಸಾಮಾನ್ಯವಾಗಿ ಐವರು ಪತ್ನಿಯರು, ಎಂಟು ಮಂದಿ ಪುತ್ರರು. ಪುಂಡರೀಕನಾದರೋ ಶುದ್ಧಭೈರವ, ಹಿಂದೋಲ, ದೇಶಿಕಾರ, ಶ್ರೀ, ಶುದ್ಧನಾಟ, ನಟ್ಟನಾರಾಯಣ ಎಂಬ ಆರನ್ನು ಹೇಳಿ, ಒಂದೊಂದಕ್ಕೆ ಐವರು ಪತ್ನಿಯರನ್ನೂ ಐವರು ಪುತ್ರರನ್ನೂ ಕಲ್ಪಿಸಿ, ಒಟ್ಟು 66 ರಾಗಗಳನ್ನು ಎಣಿಸುತ್ತಾನೆ. ಪಹಾಡಿ ಶೈಲಿಯ ರಾಗಮಾಲಾ ಚಿತ್ರಗಳು ಅನುಸರಿಸಿದುದು ಬಹುಮಟ್ಟಿಗೆ ಕ್ಷೇಮಕರ್ಣನ ಕ್ರಮವನ್ನು. ಚಿತ್ರಗಳ ಮೂಲಕ ಆ ಹೆಸರು ಪ್ರಸಿದ್ಧವಾದಷ್ಟೂ ಕನ್ನಡಿಗನ ಗ್ರಂಥವು ಹಿಂದೆ ಸರಿಯಿತು. ಗುರು ಗ್ರಂಥ ಸಾಹಿಬ್‌ನ ಕೊನೆಯಲ್ಲಿರುವ ರಚನೆಗೂ, ಪಂಡಿತ ರವಿಶಂಕರರ ಎರಡನೆಯ ಸಿತಾರ್ ಕಾನ್ಸರ್ಟೋಗೂ ಇದೇ ಹೆಸರು.

ಕೃತಿಗಾದ ತೊಡಕು ಕರ್ತೃವಿಗೂ ತಪ್ಪಲಿಲ್ಲ. ಪುಂಡರೀಕ ವಿಠ್ಠಲನೆಂದೊಡನೆ ಕನ್ನಡಿಗರ ಕಿವಿಗೆ ಪುರಂದರವಿಠಲನೆಂದೇ ಕೇಳಿಸುವುದು ಸಹಜ. ಅದು ದಾಸರ ಅಂಕಿತ. ಇದು ಶಾಸ್ತ್ರಕಾರನ ಸ್ವಂತ ಹೆಸರು. ಈತನು ಕರ್ಣಾಟದಲ್ಲಿ ಶಿವಗಂಗೆಯ ಬೆಟ್ಟದ ಸಮೀಪದ ಸಾತನೂರು ತನ್ನ ಊರೆಂದು ತಾನೇ ಹೇಳಿಕೊಂಡಿದ್ದಾನೆ. ಊರಿನ ಹೆಸರೂ ಒಂಟಿಯಲ್ಲ! ಕನಕಪುರ ತಾಲ್ಲೂಕಿನಲ್ಲಿಯೂ ಒಂದು ಸಾತನೂರುಂಟು. ಬೆಟ್ಟದ ಗುರುತನ್ನು ಸೇರಿಸಿ ಹೇಳಿದುದರಿಂದ ಈ ಸಂದೇಹಕ್ಕೆ ಎಡೆಯಿಲ್ಲದಾಯಿತು.

ಅಲ್ಲಿಂದ ಹೊರಟವನು ಮೊದಲು ಖಾನದೇಶದ ಫಾರೂಕಿ ಅರಸು ಬುರ್ಹಾನ್ ಖಾನನ ಆಶ್ರಯದಲ್ಲಿ 'ಸದ್ರಾಗಚಂದ್ರೋದಯ'ವನ್ನು ಬರೆದನು. ಬಳಿಕ ಅಂಬೇರದ ಕಛವಾಹ ಮನೆತನದ ಮಾಧವಸಿಂಹನ ಆಶ್ರಯದಲ್ಲಿ 'ರಾಗಮಂಜರಿ'ಯನ್ನೂ, ಅಕ್ಬರನ ಪ್ರೀತ್ಯರ್ಥವಾಗಿ 'ನರ್ತನನಿರ್ಣಯ'ವನ್ನೂ ರಚಿಸಿದನು. ಇಂದು ಗ್ರೇಟರ್ ನೋಯ್ಡಾದಲ್ಲಿ ನೆಲೆಸಿದ ಕನ್ನಡಿಗರಿಗೆ ಅಕ್ಬರನ ಆಗ್ರಾ ದೂರವಲ್ಲ. 2012ರಲ್ಲಿ ತೆರೆದ ಯಮುನಾ ಎಕ್ಸ್‌ಪ್ರೆಸ್‌ವೇಯ ಉದ್ದವೇ 165 ಕಿಲೋಮೀಟರು. ಶಿವಗಂಗೆಯಿಂದ ಹೊರಟ ವಿದ್ವಾಂಸನಿಗೆ ಅದು ಮೂರು ಆಸ್ಥಾನಗಳನ್ನು ಹಾದುಹೋದ ದಾರಿ. ಬಂದ ನಾಡಿನ ಸಂಗೀತಕ್ಕೆ ಅವನು ಕಿವಿ ಮುಚ್ಚಿಕೊಳ್ಳಲಿಲ್ಲವೆಂಬುದಕ್ಕೆ 'ರಾಗಮಂಜರಿ'ಯೇ ಸಾಕ್ಷಿ: ಅಲ್ಲಿ ಪಾರಸೀಕ ರಾಗಗಳನ್ನು ಹೆಸರಿಸಿ, ನಮ್ಮ ರಾಗಗಳಲ್ಲಿ ಅವುಗಳಿಗೆ ಸಮನಾದುವನ್ನು ಸೂಚಿಸಿದ್ದಾನೆ.

'ನರ್ತನನಿರ್ಣಯ'ವನ್ನು ಮೈಸೂರಿನ ವಿದ್ವಾಂಸ ರಾ. ಸತ್ಯನಾರಾಯಣರು ಸಂಪಾದಿಸಿದರು, ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು 1994ರಿಂದ 1998ರ ಅವಧಿಯಲ್ಲಿ ಅದನ್ನು ಮೂರು ಸಂಪುಟಗಳಲ್ಲಿ ಹೊರತಂದಿತು. ಅಲ್ಲಿ ಕರ್ತೃವಿನ ಹೆಸರು 'ಪಂಡರೀಕ ವಿಠ್ಠಲ' ಎಂದಿದೆ. ಗ್ರಂಥಾಲಯಗಳಲ್ಲಿ ಹುಡುಕುವವರು ಎರಡು ರೂಪಗಳನ್ನೂ ನೋಡತಕ್ಕದ್ದು.