ಕೇಸ್-ಕಂಟ್ರೋಲ್ ಅಧ್ಯಯನ: ಗುಣಮಟ್ಟದ ಪರಿಶೀಲನೆ
ರೋಗ ಬಂದವರನ್ನೂ ಬಾರದವರನ್ನೂ ಆರಿಸಿಕೊಂಡು, ಶಂಕಿತ ಕಾರಣದ ಸಂಪರ್ಕ ಅವರಿಗೆ ಹಿಂದೆ ಎಷ್ಟಿತ್ತೆಂದು ಹೋಲಿಸುವ ವಿಧಾನವೇ ಕೇಸ್-ಕಂಟ್ರೋಲ್ ಅಧ್ಯಯನ. ವಿರಳ ರೋಗಗಳಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಪಕ್ಷಪಾತ ನುಸುಳಲು ದಾರಿಗಳು ಹೆಚ್ಚು.

ಪರಿಶೀಲಕರು ಮೊದಲು ನೋಡಬೇಕಾದ್ದು ಹೋಲಿಕೆಯ ಗುಂಪನ್ನು. ರೋಗಿಗಳು ಯಾವ ಜನಸಮುದಾಯದವರೋ ಆ ಗುಂಪೂ ಅಲ್ಲಿಯದೇ ಆಗಿರಬೇಕು. 1981ರ ಅಮೆರಿಕದ ಅಧ್ಯಯನವೊಂದು ಕಾಫಿಗೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ನಂಟು ಕಂಡಿತು. ಹೋಲಿಕೆಗೆ ತೆಗೆದುಕೊಂಡವರಲ್ಲಿ ಹೊಟ್ಟೆಯ ತೊಂದರೆಯಿಂದ ಕಾಫಿ ಕಡಿಮೆ ಮಾಡಿದವರು ಅನೇಕರಿದ್ದರೆಂಬ ಗಂಭೀರ ಆಕ್ಷೇಪ ಬಂತು. ಮುಂದಿನ ಅಧ್ಯಯನಗಳಲ್ಲಿ ಆ ನಂಟು ನಿಲ್ಲಲಿಲ್ಲ.

ಎರಡನೆಯದು ಮಾಹಿತಿಯ ನಂಬಿಕಾರ್ಹತೆ. ರೋಗಿಗಳು ಹಿಂದಿನದನ್ನು ಹೆಚ್ಚು ಕೆದಕಿ ನೆನೆಯುತ್ತಾರೆ, ಸಂದರ್ಶಕರಿಗೂ ಪೂರ್ವಗ್ರಹವಿರಬಹುದು. ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಕುರಿತ ಡಾಲ್ ಮತ್ತು ಹಿಲ್ ಅವರ 1950ರ ವರದಿ ಇದನ್ನು ಸೊಗಸಾಗಿ ಎದುರಿಸಿತು. ಸಂದರ್ಶನದ ವೇಳೆಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಭಾವಿಸಲಾಗಿದ್ದು, ಆಮೇಲೆ ಅದಲ್ಲವೆಂದು ತಿಳಿದ ರೋಗಿಗಳನ್ನು ಅವರು ಬೇರೆಯಾಗಿ ಲೆಕ್ಕಹಾಕಿದರು. ಇವರ ಧೂಮಪಾನದ ಅಭ್ಯಾಸ ಹೋಲಿಕೆಯ ಗುಂಪಿನವರದನ್ನೇ ಹೋಲುತ್ತಿತ್ತು. ಫಲಿತಾಂಶ ಸಂದರ್ಶಕರ ಪೂರ್ವಗ್ರಹದಿಂದ ಹುಟ್ಟಿದ್ದಲ್ಲವೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ.

ವಯಸ್ಸು, ಲಿಂಗದಂಥ ಗೊಂದಲಕಾರಿ ಅಂಶಗಳನ್ನು ಸರಿದೂಗಿಸಿರುವುದೂ ಅಗತ್ಯ. ಇಂಥ ಅಧ್ಯಯನಗಳ ಗುಣಮಟ್ಟ ಅಳೆಯಲು ಬಳಕೆಯಲ್ಲಿರುವ ನ್ಯೂಕ್ಯಾಸಲ್-ಒಟ್ಟಾವಾ ಮಾಪನ ಆಯ್ಕೆಗೆ 4, ಹೋಲಿಕೆಗೆ 2, ಸಂಪರ್ಕದ ಮಾಹಿತಿಗೆ 3, ಹೀಗೆ ಗರಿಷ್ಠ 9 ನಕ್ಷತ್ರ ಕೊಡುತ್ತದೆ. ಒಟ್ಟು ಅಂಕಕ್ಕಿಂತ ನಕ್ಷತ್ರ ತಪ್ಪಿದ್ದು ಎಲ್ಲಿ ಎಂಬುದನ್ನೇ ಓದುಗರು ಮುಖ್ಯವಾಗಿ ಗಮನಿಸಬೇಕು.