ಸೆಂಟ್ರಲ್ ಕಾಲೇಜಿನ ಮೇಷ್ಟ್ರು, ಪಿಂಪ್ರಿಯ ಮಣ್ಣು

ರಾಜಾಜಿನಗರ ಮೊದಲನೇ ಬ್ಲಾಕಿನ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ನಿರ್ಮಾಣ್ ಭವನ ಅಂತ ಒಂದು ಕಟ್ಟಡವಿದೆ. ಕರ್ನಾಟಕ ಆ್ಯಂಟಿಬಯಾಟಿಕ್ಸ್ ಎಂಬ ಸರ್ಕಾರಿ ಕಂಪನಿಯ ಕಚೇರಿ ಬಹುಕಾಲ ಇದ್ದದ್ದು ಅಲ್ಲೇ. ಕಾರ್ಖಾನೆ ಪೀಣ್ಯದಲ್ಲಿ. ಪುಣೆ ಬಳಿ ಪಿಂಪ್ರಿಯಲ್ಲಿರುವ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಮತ್ತು ನಮ್ಮ ರಾಜ್ಯದ ಕೆಎಸ್‌ಐಐಡಿಸಿ ಸೇರಿ 1981ರಲ್ಲಿ ಇದನ್ನು ಹುಟ್ಟುಹಾಕಿದವು. ಇಲ್ಲಿ ಇಂಜೆಕ್ಷನ್, ಮಾತ್ರೆಗಳು ತಯಾರಾಗುತ್ತವೆ. ಆದರೆ ಪಿಂಪ್ರಿಯ ತಾಯಿ ಕಂಪನಿ ಒಂದು ಕಾಲಕ್ಕೆ ಔಷಧ ತಯಾರಿಸುವುದಷ್ಟೇ ಅಲ್ಲ, ಹೊಸದನ್ನು ಹುಡುಕುತ್ತಲೂ ಇತ್ತು. ಆ ಹುಡುಕಾಟದ ಮುಂದಾಳು ನಮ್ಮವರೇ ಎಂಬುದು ಇಲ್ಲಿ ಎಷ್ಟು ಜನಕ್ಕೆ ಗೊತ್ತೋ!

ಮಂಡಯಂ ಜೀರಸನ್ನಿಧಿ ತಿರುಮಲಾಚಾರ್ ಹುಟ್ಟಿದ್ದು 1914ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರು. ಬೆಳೆಗೆ ಬರುವ ತುಕ್ಕು ರೋಗ, ಕಾಡಿಗೆ ರೋಗಗಳ ಶಿಲೀಂಧ್ರಗಳೇ ಅವರ ಪ್ರಪಂಚ. ಮುಂದೆ ಪಿಂಪ್ರಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಶಿಲೀಂಧ್ರ ಬಲ್ಲವರಿಗೆ ಬ್ಯಾಕ್ಟೀರಿಯಾದ ಹತ್ತಿರ ಏನು ಕೆಲಸ ಅನ್ನಿಸಬಹುದು. ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಬೂಷ್ಟಿನ ಹಾಗೆ ಎಳೆ ಎಳೆಯಾಗಿ ಬೆಳೆಯುತ್ತದೆ. ಬಹಳ ಕಾಲ ಅದನ್ನು ಶಿಲೀಂಧ್ರದ ಜೊತೆಗೇ ಎಣಿಸುತ್ತಿದ್ದರು. ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಗೂ ಮುಖ್ಯವಾಗಿ ಇದೇ ಕಾರಣ.

ಕೆಲಸದ ಕ್ರಮ ಕೇಳಲು ಸರಳ. ಚಿಟಿಕೆ ಮಣ್ಣನ್ನು ನೀರಲ್ಲಿ ಕದಡಿ, ಮತ್ತೆ ಮತ್ತೆ ತಿಳಿ ಮಾಡಿ, ಗಾಜಿನ ತಟ್ಟೆಯಲ್ಲಿ ಬೆಳೆಸಬೇಕು. ಸುಣ್ಣದ ಪುಡಿ ಉದುರಿಸಿದಂತೆ ಕಾಣುವ ಚುಕ್ಕೆಗಳನ್ನು ಆರಿಸಿ, ಒಂದೊಂದನ್ನೂ ರೋಗಾಣುವಿನ ಪಕ್ಕದಲ್ಲಿಡಬೇಕು. ಸುತ್ತ ರೋಗಾಣು ಬೆಳೆಯದೆ ಖಾಲಿ ವೃತ್ತ ಬಿಟ್ಟರೆ ಅಲ್ಲೇನೋ ಇದೆ ಅಂತ ಅರ್ಥ. ಸಾವಿರಾರು ತಟ್ಟೆ ನೋಡುವ ತಾಳ್ಮೆ ಬೇಕು, ಅಷ್ಟೆ.

ಪಿಂಪ್ರಿಯ ಮಣ್ಣಿನಲ್ಲೇ ಸಿಕ್ಕ ಒಂದು ತಳಿಗೆ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದು ಹೆಸರಿಟ್ಟರು. ಅದು ಕೊಟ್ಟ ಶಿಲೀಂಧ್ರನಾಶಕದ ವಿವರ 1961ರಲ್ಲಿ ಪ್ರಕಟವಾಯಿತು. ಕಂಪನಿಯ ಹೆಸರಿನ ಮೊದಲ ಅಕ್ಷರಗಳಿಂದ ಅದು ಹಾಮೈಸಿನ್ ಆಯಿತು. ಹತ್ತು ವರ್ಷ ಹಿಂದೆ ಅಮೆರಿಕದಲ್ಲಿ ಎಲಿಜಬೆತ್ ಹೇಜನ್, ರೇಚೆಲ್ ಬ್ರೌನ್ ಎಂಬ ಇಬ್ಬರು ಹೆಂಗಸರು ನ್ಯೂಯಾರ್ಕ್ ರಾಜ್ಯದ ಹೆಸರನ್ನು ನಿಸ್ಟಾಟಿನ್‌ಗೆ ಇಟ್ಟಿದ್ದರು, ಇದೂ ಹಾಗೆಯೇ. ಹಾಮೈಸಿನ್ ನೀರಿನಲ್ಲಿ ಕರಗುತ್ತಿರಲಿಲ್ಲ, ನುಂಗಿದರೆ ರಕ್ತಕ್ಕೆ ಸರಿಯಾಗಿ ಸೇರುತ್ತಿರಲಿಲ್ಲ. ಹಾಗಾಗಿ ಬಾಯಿಹುಣ್ಣಿನಂಥ ಕ್ಯಾಂಡಿಡಾ ಸೋಂಕಿಗೆ ಮೇಲೆ ಹಚ್ಚುವ ಔಷಧವಾಗಿ ಉಳಿಯಿತು.

1964ರಲ್ಲಿ ಅದೇ ತಂಡ ಆರಿಯೋಫಂಜಿನ್ ವಿವರಿಸಿತು. ಇದು ತೋಟಕ್ಕೆ ಬಂತು. ತೆಂಗಿನ ಅಣಬೆ ರೋಗ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಎಳೆ ಬೇರನ್ನು ಓರೆಯಾಗಿ ಕತ್ತರಿಸಿ, ಔಷಧ ತುಂಬಿದ ಚೀಲದಲ್ಲಿ ಅದ್ದಿ ಕಟ್ಟುವ ಕ್ರಮವಿದೆಯಲ್ಲ, ತಂಜಾವೂರು ಕಡೆಯ ಅದೇ ರೋಗಕ್ಕೆ ಹಾಗೆ ಕುಡಿಸಲು ಶಿಫಾರಸು ಮಾಡಿದ್ದು ಆರಿಯೋಫಂಜಿನ್ ಮತ್ತು ಮೈಲುತುತ್ತ. ಸೆಂಟ್ರಲ್ ಕಾಲೇಜಿನ ಮೇಷ್ಟ್ರು ಹೀಗೆ ಸುತ್ತಿ ಬಳಸಿ ಮತ್ತೆ ಬೆಳೆರೋಗಕ್ಕೇ ಬಂದರು. ಆಮೇಲೆ ಅಮೆರಿಕಕ್ಕೆ ಹೋಗಿ ಅಲ್ಲೊಂದು ಸಂಸ್ಥೆ ಕಟ್ಟಿದರು, 1999ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಪಿಂಪ್ರಿಯ ಕಂಪನಿ ನಷ್ಟದಲ್ಲಿ ಮುಳುಗಿ ರೋಗಗ್ರಸ್ತ ಉದ್ಯಮವಾಗಿತ್ತು.

ಮಣ್ಣು ಜಾಲಾಡುವ ಕೆಲಸ ಎಲ್ಲೆಡೆಯೂ ನಿಂತಿತ್ತು. ಎಷ್ಟು ಹುಡುಕಿದರೂ ಹಳೆಯ ಔಷಧಗಳೇ ಸಿಗುತ್ತಿದ್ದವು, ಮಣ್ಣು ಬರಿದಾಯಿತು ಅಂದುಕೊಂಡರು. 2002ರಲ್ಲಿ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ತಳಿಯ ಇಡೀ ವಂಶವಾಹಿ ಓದಿದಾಗ ಆ ಲೆಕ್ಕ ತಪ್ಪಾಯಿತು. ದಶಕಗಳಿಂದ ಪ್ರಯೋಗಾಲಯದಲ್ಲಿದ್ದ ತಳಿ ಅದು. ನಾಲ್ಕಾರು ಔಷಧ ಗೊತ್ತಿದ್ದ ಜಾಗದಲ್ಲಿ ಇಂಥ ರಾಸಾಯನಿಕ ತಯಾರಿಸುವ ಇಪ್ಪತ್ತಕ್ಕೂ ಹೆಚ್ಚು ಜೀನ್ ಗುಂಪುಗಳು ಸಿಕ್ಕವು. ತಟ್ಟೆಯ ಮೇಲೆ ಹೊಟ್ಟೆ ತುಂಬಿ ಕೂತ ಬ್ಯಾಕ್ಟೀರಿಯಾಗೆ ಅವನ್ನು ಬಳಸುವ ಪ್ರಮೇಯವೇ ಇರುವುದಿಲ್ಲ. ಅಂದರೆ ಹಳೆಯ ತಳಿಗಳನ್ನೇ ಹೊಸದಾಗಿ ಕೆದಕಬೇಕು. ಸಂಗ್ರಹ ಕಾಪಾಡಿಕೊಂಡವರಿಗೆ ಮಾತ್ರ ಇದು ಸಾಧ್ಯ.

ಪಿಂಪ್ರಿನಾ ಕೂಡ ಹಾಮೈಸಿನ್ ಒಂದನ್ನೇ ಕೊಟ್ಟಿದ್ದಲ್ಲ. 1960ರಲ್ಲೇ ಅದರಿಂದ ಪಿಂಪ್ರಿನಿನ್ ಎಂಬ ಬೇರೊಂದು ಪುಟ್ಟ ಅಣುವನ್ನು ಪ್ರತ್ಯೇಕಿಸಿದ್ದರು. ಔಷಧವಾಗದೆ ಅದು ಪುಸ್ತಕದಲ್ಲೇ ಉಳಿಯಿತು. ಈಚೆಗೆ ವಿದೇಶಿ ರಸಾಯನಶಾಸ್ತ್ರಜ್ಞರು ಅದೇ ಅಣುವನ್ನು ಮಾದರಿಯಾಗಿಟ್ಟುಕೊಂಡು ಬೆಳೆಗಳಿಗೆ ಹೊಸ ಶಿಲೀಂಧ್ರನಾಶಕಗಳನ್ನು ಕಟ್ಟಿ ನೋಡುತ್ತಿದ್ದಾರೆ.