ಒಂದನ್ನೊಂದು ಮುಟ್ಟದ ವಿಶ್ವಾಸಾಂತರಗಳು: ಕರ್ನಾಟಕದ 2020ರ ಎರಡು ಸೆರೋ ಸಮೀಕ್ಷೆಗಳು

ಕೋವಿಡ್‌ನ ಮೊದಲ ವರ್ಷ ಕರ್ನಾಟಕದಲ್ಲಿ ಎಷ್ಟು ಜನರಿಗೆ ಸೋಂಕು ತಗುಲಿತ್ತು? ಮನೋಜ್ ಮೋಹನನ್, ಅನುಪ್ ಮಲಾನಿ ಮತ್ತು ಸಂಗಡಿಗರು ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಮನೆಗಳ ಮಾದರಿಯಿಂದ ರಕ್ತ ಸಂಗ್ರಹಿಸಿ, ಪ್ರತಿಕಾಯ ಇದ್ದವರು 46.7% ಎಂದರು, 95% ವಿಶ್ವಾಸಾಂತರ 43.3ರಿಂದ 50.0. ಸೆಪ್ಟೆಂಬರಿನಲ್ಲಿ ನಡೆದ ಸರ್ಕಾರಿ ಸಮೀಕ್ಷೆ, ಸಕ್ರಿಯ ಸೋಂಕನ್ನೂ ಸೇರಿಸಿಕೊಂಡು, 27%ರ ಆಸುಪಾಸಿನಲ್ಲಿ ನಿಂತಿತು. ಪ್ರತಿಕಾಯವನ್ನಷ್ಟೇ ಎಣಿಸಿದರೆ ಅದು ಸುಮಾರು 16%. ಕಾಲ ಮುಂದೆ ಹೋದಂತೆ ಅಂಕಿ ಹಿಂದೆ ಸರಿಯಿತು!

ಸರ್ಕಾರದ ಮಾದರಿ 15 ಸಾವಿರ ದಾಟಿತ್ತು, ವಿಶ್ವಾಸಾಂತರವೂ ಕಿರಿದು. ಆದ್ದರಿಂದ ಅದನ್ನೇ ನಂಬಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಸಂಖ್ಯಾಶಾಸ್ತ್ರಜ್ಞ ಜೆರ್ಜಿ ನೇಮನ್ 1937ರಲ್ಲಿ ಕಟ್ಟಿಕೊಟ್ಟ ಸಿದ್ಧಾಂತದಲ್ಲಿ 95% ಎಂಬುದು ವಿಧಾನದ ಗುಣ: ಮಾದರಿಯನ್ನು ಮತ್ತೆ ಮತ್ತೆ ತೆಗೆದರೆ ನೂರರಲ್ಲಿ ಸುಮಾರು 95 ಅಂತರಗಳು ನಿಜಬೆಲೆಯನ್ನು ಒಳಗೊಳ್ಳುತ್ತವೆ. ಮಾದರಿ ನಾಲ್ಕು ಪಟ್ಟಾದರೆ ಅಗಲ ಅರ್ಧಕ್ಕಿಳಿಯುತ್ತದೆ. ಪರೀಕ್ಷೆಯ ಕಿಟ್ ಮಾಡುವ ತಪ್ಪು ಮಾತ್ರ ಕೂದಲೆಳೆಯಷ್ಟೂ ತಗ್ಗದು.

ಹಾಗಾದರೆ ವ್ಯತ್ಯಾಸ ಬಂದದ್ದೆಲ್ಲಿಂದ? ಮಾದರಿಯ ಆಯ್ಕೆಯಿಂದ ಎನ್ನುವುದು ಸುಲಭ. ಆದರೆ ಸರ್ಕಾರ ಆರಿಸಿದ ಗುಂಪುಗಳಲ್ಲಿ ಗರ್ಭಿಣಿಯರು, ಹೊರರೋಗಿ ವಿಭಾಗಕ್ಕೆ ಬಂದವರ ಜೊತೆಗೆ ಬಸ್ ಕಂಡಕ್ಟರರು, ವ್ಯಾಪಾರಿಗಳೂ ಇದ್ದರು. ದಿನವಿಡೀ ಜನರ ನಡುವೆ ಇರುವ ಇವರು ಅಂಕಿಯನ್ನು ಮೇಲಕ್ಕೆ ಎಳೆಯಬೇಕಿತ್ತೇ ಹೊರತು ಕೆಳಕ್ಕಲ್ಲ. ಮುಂದಿನ ಶಂಕೆ ಕಿಟ್ ಮೇಲೆ. ಮೋಹನನ್ ತಂಡ ವೈರಾಣುವಿನ ಮುಳ್ಳಿನ ಒಂದು ತುಣುಕಿಗೆ, ಅಂದರೆ ಆರ್‌ಬಿಡಿಗೆ, ಅಂಟುವ ಪ್ರತಿಕಾಯವನ್ನು ಹುಡುಕಿತು. ಸರ್ಕಾರಿ ಸಮೀಕ್ಷೆ ಕೋವಿಡ್ ಕವಚ್ ಎಂಬ ಕಿಟ್ ಬಳಸಿತು. ಮೊದಲ ತಂಡದ 46.7 ನಿಜವೆಂದೇ ಹಿಡಿದರೆ, ಕಿಟ್ ಒಂದರಿಂದಲೇ 16ಕ್ಕೆ ಇಳಿಯಲು ಸರ್ಕಾರದ ಕಿಟ್‌ನ ಪತ್ತೆಶಕ್ತಿ ಸುಮಾರು 34%ಕ್ಕೆ ಕುಸಿದಿರಬೇಕು. ಅಷ್ಟು ಕುಸಿತವನ್ನು ಒಪ್ಪುವುದು ಕಷ್ಟ.

ಆದ್ದರಿಂದ, ಅಂಜುತ್ತಲೇ ಹೇಳುವುದಾದರೆ, ಎರಡು ಅಂತರಗಳ ನಡುವಿನ ಕಂದರದ ದೊಡ್ಡ ಪಾಲು ಕಿಟ್ಟಿನದ್ದಿರಬಹುದು; ಪೂರ್ತಿಯಂತೂ ಅಲ್ಲ. ತಿಂಗಳುಗಳಲ್ಲಿ ಪ್ರತಿಕಾಯ ಕ್ಷೀಣಿಸಿರಬಹುದು. ಸೋಂಕು ತಗುಲಿರಬಹುದೆಂದು ಅನುಮಾನವಿದ್ದವರೇ ರಕ್ತ ಕೊಡಲು ಹೆಚ್ಚಾಗಿ ಒಪ್ಪಿದ್ದರೆ 46.7 ಕೂಡ ಉಬ್ಬಿದ ಅಂಕಿಯೇ. ಈ ಮೂರರ ಪಾಲನ್ನು ಪ್ರಕಟಿತ ಅಂತರಗಳಿಂದ ಬಿಡಿಸಲಾಗದು. ಒಂದೇ ರಕ್ತಸಾರವನ್ನು ಎರಡೂ ಕಿಟ್‌ಗಳಲ್ಲಿ ಪರೀಕ್ಷಿಸಿದರೆ ಕಿಟ್‌ನ ಪಾಲಾದರೂ ಇತ್ಯರ್ಥವಾದೀತು.